ಮಿರ್ಚಿ ತಿಂದು ಏರಿದ 9 ಕೆಜಿ

ಧಾರವಾಡಕ್ಕ ಬಂದಾಗ ನಾ 57 ಕೆಜಿ ಇದ್ದೆ, ಎರಡು ವರ್ಷದಾಗ 66 ಆಗೇನಿ. ಮನ್ನೆ ಊರಿಗೆ ಹೋದಾಗ ಅವ್ವ "ಮೈ ಹಿಡದೀ ಬಿಡವಾ, ಚೊಲೊ ಆತು" ಅಂದ್ಲು, ನನಗ ನೋಡಿದ್ರ ಹಳೇ ಪ್ಯಾಂಟಿನ ಬಟನ್ ಹತ್ತವಲ್ದು!

ಎತ್ತರ 165 ಸೆಂಟಿಮೀಟರ್, ಅಂದ್ರ ಬಿಎಂಐ (ಎತ್ತರಕ್ಕ ತೂಕ ಸರಿ ಐತೇನು ಅಂತ ನೋಡೋ ಲೆಕ್ಕ) 24.2. 25ರ ಒಳಗ ಐತಲ್ಲ ಅಂತ ಖುಷಿ ಪಟ್ಟೆ, ಆದ್ರ ನಮ್ಮ ಭಾರತದವರಿಗೆ 23 ದಾಟಿದ್ರನ ತೂಕ ಜಾಸ್ತಿ ಅಂತ ಲೆಕ್ಕ ಅಂತ, ಯಾಕಂದ್ರ ನಮಗ ಕಡಿಮಿ ತೂಕದಾಗನ ಹೊಟ್ಟಿ ಸುತ್ತ ಬೊಜ್ಜು ಕೂಡತೈತಿ, ಶುಗರ್ ಬರೋ ಚಾನ್ಸೂ ಜಾಸ್ತಿ.

ನಾಷ್ಟಾ ಬಿಟ್ಟು ಕ್ಲಾಸಿಗೆ ಓಡೋದು, 11ಕ್ಕ ಹಸಿವು ತಡೀಲಾರದ ಗಿರ್ಮಿಟ್ ಜೋಡಿ ಎರಡು ಮಿರ್ಚಿ, ಮ್ಯಾಲೆ ಸಕ್ರಿ ಚಹಾ, ಸಂಜಿಗೆ ಸಪ್ತಾಪುರದಾಗ ಮತ್ತ ಅದ, ರಾತ್ರಿ ಮೆಸ್ಸಿನಾಗ ಅನ್ನದ ಗುಡ್ಡ. ಗಿರ್ಮಿಟ್ ಏನ್ ಪಾಪ ಮಾಡಿಲ್ಲ ಬಿಡ್ರಿ, ಚುರಮರಿ ಹಗುರ, ಮಿರ್ಚಿ ಎಣ್ಣೀನ ಖರೇ ಕಳ್ಳ. ನನ್ನ ರೂಮ್‌ಮೇಟ್ ಉಲ್ಟಾ, ಸಣ್ಣ ಆಗಬೇಕಂತ ರಾತ್ರಿ ಊಟನ ಬಿಟ್ಟು ಲ್ಯಾಬಿನಾಗ ತಲಿ ತಿರುಗಿ ಬಿದ್ಲು.

ಈಗ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ರೂಮಿನಾಗ ಅದಾವು. ಮುಂಜಾನೆ ಎರಡು ರೊಟ್ಟಿ, ಮೊಸರು, ಮೊಳಕಿ ಹೆಸರುಕಾಳು ತಿಂದ್ರ ಮಧ್ಯಾಹ್ನದ ತನಕ ಮಿರ್ಚಿ ನೆನಪ ಆಗಂಗಿಲ್ಲ. ಶನಿವಾರ ಬಿಟ್ಟು. ಶನಿವಾರ ಒಂದು ಮಿರ್ಚಿ ಇದ್ದದ್ದ.