ಹಂಡೆಯ ಒಲೆ ಆರಿದ ಮೇಲೆ

ತೀರ್ಥಹಳ್ಳಿಯ ಸಮೀಪವಿರುವ ನಮ್ಮ ಹಳೆಯ ಹೆಂಚಿನ ಮನೆಯ ಬಚ್ಚಲಿನಲ್ಲಿ ಹಂಡೆಯ ಒಲೆ ಆರಿ ಒಂದು ವರ್ಷವಾಯಿತು. ಗೀಸರ್ ಒಂದು ಯೂನಿಟ್ ವಿದ್ಯುತ್ತಿಗೆ ಅಷ್ಟೇ ಶಾಖವನ್ನು ಕೊಟ್ಟರೆ, ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುವ ಹೀಟ್ ಪಂಪ್ ಸುಮಾರು ಮೂರು ಪಟ್ಟು ಕೊಡುತ್ತದೆ. ಹಾಗಾಗಿ ದುಬಾರಿಯಾದರೂ ಅದನ್ನೇ ಆರಿಸಿಕೊಂಡೆವು. ಆದರೆ ಮೊದಲು ಹಣ ಹೋದದ್ದು ವೈರಿಂಗಿಗೆ: ಮರದ ಪಟ್ಟಿಯ ಮೇಲೆ ಹಾಯ್ದಿದ್ದ ತಂತಿಯ ಹೊದಿಕೆ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು, ಅರ್ಥಿಂಗ್ ಎಂಬುದಂತೂ ಇರಲೇ ಇಲ್ಲ. ಹೆಂಚಿನ ಕೆಳಗಿನ ಹಳೆಯ ಪಕಾಸುಗಳು ಭಾರ ತಾಳಲಾರವೆಂದು 3 ಕಿಲೋವ್ಯಾಟ್ ಸೌರ ಫಲಕಗಳನ್ನು ಹಿಂಬದಿಯ ತಾರಸಿಯ ಮೇಲೆ ಕೂರಿಸಿದೆವು. ಪಿಎಂ ಸೂರ್ಯ ಘರ್ ಯೋಜನೆಯಡಿ 78,000 ರೂಪಾಯಿ ಸಹಾಯಧನ ದೊರೆಯಿತು. ಆಷಾಢದ ಮಳೆಯಲ್ಲಿ ಅವು ಹೆಸರಿಗಷ್ಟೇ ದುಡಿಯುತ್ತವೆ, ಆಗ ಗ್ರಿಡ್ಡಿನ ವಿದ್ಯುತ್ತೇ ಗತಿ. ಅಮ್ಮ ಮಾತ್ರ ಆ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗುವುದನ್ನು ಇನ್ನೂ ಬಿಟ್ಟಿಲ್ಲ.