ಮ್ಯೂನಿಕ್‌ನಿಂದ ನ್ಯೂರ್‌ಬರ್ಗ್‌ರಿಂಗ್‌ವರೆಗೆ: ಟ್ಯೂನ್ ಮಾಡಿದ ಜರ್ಮನ್ ಕಾರುಗಳ ಬೆನ್ನು ಹತ್ತಿ

ಕಾರಿನ ಹುಚ್ಚಿರುವವರು ಜರ್ಮನಿಗೆ ಹೋದರೆ ದೊಡ್ಡ ಮ್ಯೂಸಿಯಂಗಳನ್ನು ನೋಡುತ್ತಾರೆ, ಆಟೋಬಾನ್ ಅನ್ನುವ ಹೆದ್ದಾರಿಯಲ್ಲಿ ಸ್ಪೀಡೋಮೀಟರಿನ ವಿಡಿಯೋ ಮಾಡುತ್ತಾರೆ, ವಾಪಸ್ ಬರುತ್ತಾರೆ. ತಪ್ಪೇನಿಲ್ಲ. ಆದರೆ ಕಾರುಗಳನ್ನು ಟ್ಯೂನ್ ಮಾಡುವ ಎಎಂಜಿ, ಆಲ್ಪಿನಾ, ರೂಫ್ ಕಂಪನಿಗಳ ಬಗ್ಗೆ ರಾತ್ರಿಯೆಲ್ಲ ಕೂತು ಓದುವ ಜಾತಿಯವರಿಗೆ ಅಷ್ಟು ಸಾಲದು. ನಾವು ಮ್ಯೂನಿಕ್‌ನಲ್ಲಿ ಇಳಿದು, ಬವೇರಿಯಾದ ಸಣ್ಣ ಊರುಗಳನ್ನು ಹಾದು ಸ್ಟುಟ್‌ಗಾರ್ಟ್‌ಗೆ ಬಂದು, ಅಲ್ಲಿಂದ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್ ಇರುವ ಐಫೆಲ್ ಬೆಟ್ಟಗಳ ಕಡೆ ಹೋದೆವು. ನೀವೂ ಇದೇ ದಾರಿ ಹಿಡಿಯಿರಿ. ಟ್ಯೂನಿಂಗ್, ಅಂದರೆ ಕಂಪನಿಯಿಂದ ಬಂದ ಕಾರನ್ನು ಬದಲಿಸಿ ಹದ ಮಾಡುವ ಕೆಲಸ, ಬರೀ ಹಾರ್ಸ್‌ಪವರ್ ಏರಿಸೋದು ಅಂತ ಅಂದುಕೊಂಡಿದ್ದರೆ, ಆ ನಂಬಿಕೆ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ.

ಮೊದಲು ಕಾಗದಪತ್ರ. ನಮ್ಮ ಆರ್‌ಟಿಒದಲ್ಲೇ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅದರ ಜೊತೆ ಮೂಲ ಲೈಸೆನ್ಸೂ ಕೈಯಲ್ಲಿರಲಿ, ಬರೀ ಪರ್ಮಿಟ್ ತೋರಿಸಿದರೆ ನಡೆಯುವುದಿಲ್ಲ. ಬಾಡಿಗೆ ಕಾರಿನ ಕರಾರನ್ನು ಪೂರ್ತಿ ಓದಿ. ರೇಸ್ ಟ್ರ್ಯಾಕಿಗೆ ಒಯ್ಯಬಾರದು ಅನ್ನುವ ಷರತ್ತು ಇದ್ದೇ ಇರುತ್ತದೆ. ಹಲವು ಕಡೆ ನ್ಯೂರ್‌ಬರ್ಗ್‌ರಿಂಗ್ ಹೆಸರನ್ನೇ ಬರೆದಿರುತ್ತಾರೆ.

ಮ್ಯೂನಿಕ್‌ನಿಂದ ಪಶ್ಚಿಮಕ್ಕೆ ಎ96 ಹೆದ್ದಾರಿ ಹಿಡಿದರೆ ಒಂದು ಗಂಟೆಯೊಳಗೆ ಬುಖ್ಲೊಯೆ ಸಿಗುತ್ತದೆ. ಆಲ್ಪಿನಾ ಬೆಳೆದದ್ದು ಇಲ್ಲೇ. ಬುರ್ಕಾರ್ಡ್ ಬೋವೆನ್‌ಸೀಪೆನ್ ಅವರ ಅಪ್ಪನದು ಟೈಪ್‌ರೈಟರ್ ಕಂಪನಿ. ಮಗ 1960ರ ದಶಕದ ಆರಂಭದಲ್ಲಿ ಬಿಎಂಡಬ್ಲ್ಯು 1500 ಕಾರಿಗೆ ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ವೆಬರ್ ಕಾರ್ಬ್ಯುರೇಟರ್ ಕೂರಿಸಿ ಮಾರತೊಡಗಿದರು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದನ್ನು ಹಾಕಿಸಿಕೊಂಡರೂ ವಾರಂಟಿ ಹೋಗುವುದಿಲ್ಲ ಅಂತ ಬಿಎಂಡಬ್ಲ್ಯು ಒಪ್ಪಿಕೊಂಡಿತು. 1965ರಲ್ಲಿ ಕಂಪನಿ ಶುರುವಾಯಿತು. ಆಲ್ಪಿನಾ ಲಾಂಛನವನ್ನು ಹತ್ತಿರದಿಂದ ನೋಡಿ, ಒಂದು ಕಡೆ ಕಾರ್ಬ್ಯುರೇಟರ್, ಇನ್ನೊಂದು ಕಡೆ ಕ್ರ್ಯಾಂಕ್‌ಶಾಫ್ಟ್ ಇದೆ. 2022ರಲ್ಲಿ ಬಿಎಂಡಬ್ಲ್ಯು ಈ ಹೆಸರನ್ನೇ ಕೊಂಡುಕೊಳ್ಳುವುದಾಗಿ ಹೇಳಿತು. ನನ್ನ ಮಟ್ಟಿಗೆ ಬಿಎಂಡಬ್ಲ್ಯು ತಾನೇ ಮಾಡುವ ವೇಗದ ಎಂ ಕಾರಿಗಿಂತ ಆಲ್ಪಿನಾ ಒಂದು ಕೈ ಮೇಲು. ಗಂಟೆಗಟ್ಟಲೆ ವೇಗವಾಗಿ ಓಡಿಸಿದ ಮೇಲೂ ಬೆನ್ನು ನೋಯಬಾರದು ಅಂತ ಯೋಚಿಸಿ ಸಸ್ಪೆನ್ಶನ್ ಕೂರಿಸಿದವರು ಅವರು.

ಅಲ್ಲಿಂದ ಫಾಫೆನ್‌ಹೌಸೆನ್ ದೂರವಿಲ್ಲ. ಹೊಲಗದ್ದೆಗಳ ನಡುವಿನ ಪುಟ್ಟ ಊರು. 1987ರಲ್ಲಿ ರೂಫ್ ಇಲ್ಲಿಂದಲೇ ಸಿಟಿಆರ್ ಕಾರನ್ನು ಹೊರತಂದಿತು. ಪೋರ್ಷೆ 911ರ ದೇಹ, ಎರಡು ಟರ್ಬೊ, 469 ಹಾರ್ಸ್‌ಪವರ್. ಹಳದಿ ಬಣ್ಣಕ್ಕಾಗಿ ‘ಯೆಲ್ಲೋಬರ್ಡ್’ ಅಂತ ಹೆಸರಾಯಿತು. ಇಟಲಿಯ ನಾರ್ಡೋ ಟ್ರ್ಯಾಕಿನಲ್ಲಿ ಗಂಟೆಗೆ 342 ಕಿ.ಮೀ. ಮುಟ್ಟಿತು. ಬರೀ ಟರ್ಬೊದಿಂದ ಆದದ್ದಲ್ಲ ಅದು. ಮಳೆನೀರು ಹರಿಯುವ ಅಂಚುಪಟ್ಟಿಯನ್ನೂ ಛಾವಣಿಯಿಂದ ಕಿತ್ತು ನುಣುಪು ಮಾಡಿದ್ದರು, ಗಾಳಿ ತಡೆಯಬಾರದು ಅಂತ. ಒಂದು ಮಾತು: ಇವೆಲ್ಲ ಕೆಲಸ ಮಾಡುವ ಜಾಗಗಳು, ಟಿಕೆಟ್ ಕೌಂಟರ್ ಇರುವುದಿಲ್ಲ. ಒಳಗೆ ಹೋಗಬೇಕಿದ್ದರೆ ತಿಂಗಳುಗಳ ಮುಂಚೆಯೇ ಬರೆದು ಕೇಳಿ. ಉತ್ತರ ಬರದಿದ್ದರೆ ಸುಮ್ನೆ ಗೇಟಿನ ಮುಂದೆ ನಿಂತು ಕಾಡಬೇಡಿ.

ಸ್ಟುಟ್‌ಗಾರ್ಟ್‌ನಲ್ಲಿ ಪೋರ್ಷೆ ಮತ್ತು ಮರ್ಸಿಡಿಸ್ ಮ್ಯೂಸಿಯಂ ಎರಡಕ್ಕೂ ಸೋಮವಾರ ರಜೆ. ಪೋರ್ಷೆಗೆ ಕಾರು ಬೇಡ, ಎಸ್6 ರೈಲು ಹಿಡಿದು ನೊಯ್‌ವಿರ್ಟ್ಸ್‌ಹೌಸ್‌ನಲ್ಲಿ ಇಳಿದರೆ ಎದುರಿಗೇ ಇದೆ. ಬೆಂಗಳೂರಿನ ಮರ್ಸಿಡಿಸ್, ಬಾಷ್ ಕಚೇರಿಗಳಿಂದ ಬಂದು ನೆಲೆಸಿದ ಕನ್ನಡಿಗರು ಈ ಊರಿನಲ್ಲಿದ್ದಾರೆ. ಪರಿಚಯದವರಿದ್ದರೆ ಮೊದಲೇ ಫೋನ್ ಮಾಡಿ, ಒಂದು ಹೊತ್ತಿನ ಅನ್ನ ಸಾರಿಗಾದರೂ ದಾರಿಯಾಗುತ್ತದೆ. ಮರ್ಸಿಡಿಸ್‌ನ ವೇಗದ ಕಾರುಗಳನ್ನು ಮಾಡುವ ಎಎಂಜಿಯ ಊರಾದ ಅಫಾಲ್ಟರ್‌ಬಾಖ್ ಹತ್ತಿರದಲ್ಲೇ ಇದೆ. ಅಲ್ಲಿನ ವಿ8 ಎಂಜಿನನ್ನು ಮೊದಲಿಂದ ಕೊನೆತನಕ ಒಬ್ಬನೇ ಕೂತು ಜೋಡಿಸುತ್ತಾನೆ, ಮೇಲೆ ಅವನ ಸಹಿಯ ಫಲಕ ಇರುತ್ತದೆ. ಎಲ್ಲಾದರೂ ಎಎಂಜಿ ನಿಂತಿದ್ದರೆ ಮಾಲೀಕನನ್ನು ಕೇಳಿ ಬಾನೆಟ್ ಎತ್ತಿಸಿ. ಖುಷಿಯಿಂದ ತೋರಿಸುತ್ತಾರೆ.

ಆಟೋಬಾನ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಮಿತಿ ಇಲ್ಲದ ಕಡೆಯೂ 130 ಕಿ.ಮೀ. ಅನ್ನುವುದು ಸರ್ಕಾರದ ಸಲಹೆ. ಬಲಗಡೆ ಇರಿ, ಎಡಗಡೆಯಿಂದಲೇ ಓವರ್‌ಟೇಕ್ ಮಾಡಿ, ಮುಗಿದ ಕೂಡಲೇ ಮತ್ತೆ ಬಲಕ್ಕೆ ಬನ್ನಿ. ಕನ್ನಡಿಯಲ್ಲಿ ಚುಕ್ಕಿಯಂತೆ ಕಂಡ ಕಾರು ಮರುಗಳಿಗೆ ಬಂಪರಿಗೇ ಬಂದಿರುತ್ತದೆ.

ಇನ್ನು ನ್ಯೂರ್‌ಬರ್ಗ್‌ರಿಂಗ್‌ನ ಹಳೆಯ, ಉದ್ದನೆಯ ಟ್ರ್ಯಾಕ್ ನೋರ್ಡ್‌ಶ್ಲೈಫ. 1927ರಲ್ಲಿ ತೆರೆದ, 20.8 ಕಿ.ಮೀ. ಉದ್ದದ, 73 ತಿರುವುಗಳ ರಸ್ತೆ. ಚಾರ್ಮಾಡಿ ಘಾಟಿಯನ್ನು ಒಮ್ಮುಖ ಮಾಡಿ, ಎರಡೂ ಕಡೆ ಗಾರ್ಡ್‌ರೈಲ್ ಕಟ್ಟಿ, ಎದುರಿನಿಂದ ಬಸ್ ಬರುವುದಿಲ್ಲ ಅಂತ ಗ್ಯಾರಂಟಿ ಕೊಟ್ಟಂತೆ. ರೇಸ್, ಟೆಸ್ಟಿಂಗ್ ಇಲ್ಲದ ಹೊತ್ತಿನಲ್ಲಿ ಟೋಲ್ ಕೊಟ್ಟು ಯಾರು ಬೇಕಾದರೂ ಓಡಿಸಬಹುದು. 2024ರಲ್ಲಿ ಒಂದು ಸುತ್ತಿಗೆ ಸುಮಾರು 30ರಿಂದ 35 ಯೂರೋ ಇತ್ತು. ವಾರದ ದಿನಗಳಲ್ಲಿ ಹೆಚ್ಚಾಗಿ ಸಂಜೆ ಮಾತ್ರ ತೆರೆಯುತ್ತಾರೆ, ಚಳಿಗಾಲದಲ್ಲಿ ಮುಚ್ಚಿರುತ್ತಾರೆ. ಟ್ರ್ಯಾಕಿನ ಕ್ಯಾಲೆಂಡರ್ ನೋಡಿದ ಮೇಲೆಯೇ ವಿಮಾನದ ಟಿಕೆಟ್ ಮಾಡಿಸಿ. ಒಳಗೂ ಸಾಮಾನ್ಯ ರಸ್ತೆಯ ಕಾನೂನೇ. ಲ್ಯಾಪ್ ಟೈಮ್ ಅಳೆಯುವಂತಿಲ್ಲ. ಗಾರ್ಡ್‌ರೈಲಿಗೆ ಗುದ್ದಿದರೆ ರಿಪೇರಿ, ಟೋಯಿಂಗ್ ಎಲ್ಲದರ ಬಿಲ್ಲೂ ನಿಮ್ಮ ತಲೆಗೇ.

ಮೊದಲ ದಿನ ಓಡಿಸಲೇಬೇಡಿ. ಬ್ರ್ಯುನ್ಶೆನ್ ತಿರುವಿನ ಪಕ್ಕ ಹುಲ್ಲಿನ ದಿಬ್ಬ ಇದೆ, ಅಲ್ಲಿ ನಿಂತುಕೊಳ್ಳಿ. ಕಾರು ಕಾಣುವ ಮುಂಚೆ ಕಾಡಿನೊಳಗಿಂದ ಸದ್ದು ಬರುತ್ತದೆ. ಆಮೇಲೆ ಇಳಿಜಾರಿನಲ್ಲಿ ಬ್ರೇಕು, ಮೂಗಿಗೆ ಸುಟ್ಟ ಪ್ಯಾಡಿನ ವಾಸನೆ. ನಾವು ಅಲ್ಲಿ ನಿಂತಿದ್ದಾಗ ದೊಡ್ಡ ಸದ್ದಿನ ಹೊಸ ಕಾರೊಂದು ತಿರುವಿನಲ್ಲಿ ಎರಡು ಸಲ ಸ್ಟಿಯರಿಂಗ್ ತಿದ್ದಿಕೊಂಡು, ತೂರಾಡುತ್ತಾ ಹೋಯಿತು. ಅದರ ಹಿಂದೆಯೇ ಬಣ್ಣ ಮಾಸಿದ ಹಳೆಯ ಬಿಎಂಡಬ್ಲ್ಯು ಎಂ3. ಮುಂದಿನ ಚಕ್ರ ಅಂಚಿನ ಕೆಂಪು–ಬಿಳಿ ಪಟ್ಟಿಯನ್ನು ನೆಕ್ಕಿತು, ಮೈ ವಾಲಲೇ ಇಲ್ಲ, ಹೊರಟೇ ಹೋಯಿತು. ದುಡ್ಡು ಎಲ್ಲಿ ಹಾಕಿದ್ದಾರೆ ಅಂತ ಗೊತ್ತಾಯ್ತಲ್ವಾ? ಟೈರು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಬ್ರೇಕು.

ಇದಕ್ಕೆ ಲೆಕ್ಕದ ಸಾಕ್ಷಿಯೂ ಇದೆ. ಟ್ರ್ಯಾಕಿನ ಪಕ್ಕದ ಮೊಯ್ಸ್‌ಪಾಟ್‌ನಲ್ಲಿ ಪೋರ್ಷೆ ಕಾರುಗಳನ್ನು ಟ್ರ್ಯಾಕಿಗೆ ಹದ ಮಾಡುವ ಮಾಂಟೈ ಅನ್ನುವ ಕಂಪನಿ ಇದೆ, ಈಗ ಅದರ ಬಹುಪಾಲು ಪೋರ್ಷೆಯದೇ. 992 ಸರಣಿಯ 911 ಜಿಟಿ3 ಕಾರು ಪೂರ್ತಿ ಸುತ್ತನ್ನು 6 ನಿಮಿಷ 59.927 ಸೆಕೆಂಡಿನಲ್ಲಿ ಮುಗಿಸಿತ್ತು. ಮಾಂಟೈ ಕಿಟ್ ಹಾಕಿದ ಮೇಲೆ 6 ನಿಮಿಷ 55.737. ಎಂಜಿನ್ ಶಕ್ತಿ ಒಂದು ಕುದುರೆಯೂ ಏರಿಲ್ಲ. ಬದಲಾದದ್ದು ಸಸ್ಪೆನ್ಶನ್, ಬ್ರೇಕಿನ ಪೈಪು, ರೆಕ್ಕೆ, ಹಿಂದಿನ ಚಕ್ರದ ಮುಚ್ಚಳ.

ಓಡಿಸುವ ಆಸೆ ಇದ್ದರೆ ಟ್ರ್ಯಾಕಿಗೆಂದೇ ಸಿದ್ಧ ಮಾಡಿದ ಕಾರನ್ನು ನ್ಯೂರ್‌ಬರ್ಗ್ ಊರಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಅಲ್ಲಿ ಎಲ್ಲರೂ ಮೊದಲ ಸಲಕ್ಕೆ ತೋರಿಸುವ ಕಾರು ಯಾವುದು ಗೊತ್ತಾ? ಸುಜುಕಿ ಸ್ವಿಫ್ಟ್ ಸ್ಪೋರ್ಟ್! ಹಿಂದಿನ ಸೀಟು ಕಿತ್ತು, ಕಾರು ಮಗುಚಿದರೆ ಕಾಪಾಡುವ ರೋಲ್ ಕೇಜ್ ಹಾಕಿ, ಒಳ್ಳೆಯ ಬ್ರೇಕು ಕೂರಿಸಿರುತ್ತಾರೆ. ನಗಬೇಡಿ, ಅದನ್ನೇ ತೆಗೆದುಕೊಳ್ಳಿ. ಕಾರಿಗೆ ಪೆಟ್ಟಾದರೆ ವಿಮೆ ಹೋಗಿ ನೀವು ಕೊಡಬೇಕಾದ ಪಾಲು ಎಷ್ಟು ಅಂತ ಕೇಳಿದ ಮೇಲೆಯೇ ಸಹಿ ಹಾಕಿ. ಬಲಕ್ಕೆ ಇಂಡಿಕೇಟರ್ ಹಾಕಿ ಹಿಂದಿನವರಿಗೆ ದಾರಿ ಬಿಡುತ್ತಾ ಹೋಗಿ. ಪೋರ್ಷೆಯ ವೇಗವೇ ಬೇಕೆಂದರೆ ನುರಿತ ಚಾಲಕನ ಪಕ್ಕದ ಸೀಟು ಬುಕ್ ಮಾಡಿ. ಕರುಸೆಲ್ ಅನ್ನುವ ತಿರುವಿನ ಕಾಂಕ್ರೀಟ್ ಬಾಣಲೆಗೆ ಕಾರು ಇಳಿದಾಗ ಹಲ್ಲು ಕಟಕಟ ಅನ್ನುತ್ತದೆ, ಹೊಟ್ಟೆ ತುಂಬ ತಿಂದು ಹತ್ತಬೇಡಿ.

ಪಾರ್ಕಿಂಗಿನಲ್ಲಿ ಮಾತಿಗೆ ಸಿಕ್ಕವರೊಬ್ಬರು ತಮ್ಮ ಕಾರಿನ ದಾಖಲೆ ತೋರಿಸಿದರು. ಹಾಕಿದ ಸ್ಪ್ರಿಂಗು, ಚಕ್ರ ಎಲ್ಲವೂ ಪರೀಕ್ಷೆಯಾಗಿ ಅದರಲ್ಲಿ ನಮೂದಾಗಿದ್ದವು. ಕಾಗದದಲ್ಲಿ ಇಲ್ಲದ ಪಾರ್ಟ್ ಹಾಕಿ ಸಿಕ್ಕಿಬಿದ್ದರೆ ಅಲ್ಲೇ ಕಾರು ನಿಲ್ಲಿಸಿಬಿಡಬಹುದಂತೆ. ಅಲ್ಲಿಂದ ಎಕ್ಸಾಸ್ಟ್ ಕೊಂಡು ಸೂಟ್‌ಕೇಸಿನಲ್ಲಿ ತರುವ ಯೋಚನೆ ಇದ್ದರೆ ಒಮ್ಮೆ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನ ಬದಲಿಸುವುದಕ್ಕೆ ಮಿತಿ ಹಾಕುವ 52ನೇ ಸೆಕ್ಷನ್ ಓದಿಕೊಳ್ಳಿ. ಟೀ ಶರ್ಟು ತನ್ನಿ, ಅದಕ್ಕೆ ಆರ್‌ಟಿಒ ಕೇಳುವುದಿಲ್ಲ.