ಹಳ್ಳದ ಪಕ್ಕದ ಮರ ಅಕ್ರೋಟ್ ಅಲ್ಲ

ಸಕಲೇಶಪುರದ ಹತ್ರ ನಮ್ ಕಾಫಿ ತೋಟ ಪಾಲಾದಾಗ ನಂಗೆ ಬಂದಿದ್ದು ಕೆಳಗಿನ ಎರಡೂವರೆ ಎಕರೆ, ಹಳ್ಳದ ಕಡೇದು. ಸಿಲ್ವರ್, ಹಲಸು, ಅತ್ತಿ, ಹಾಲುವಾಣ, ನಂದಿ ಎಲ್ಲಾ ಚಿಕ್ಕಂದಿನಿಂದ ನೋಡಿರೋ ಮರಗಳೇ. ಒಂದನ್ನ ಬಿಟ್ಟು. ಹಳ್ಳದ ಅಂಚಲ್ಲಿ ಸುಮಾರು ಐವತ್ತು ಅಡಿ ಎತ್ತರಕ್ಕೆ ಬೆಳ್ದಿರೋ ಮರ, ದೂರದಿಂದ ನೋಡಿದ್ರೆ ಯಾರೋ ತಲೆ ಮೇಲೆ ಅಕ್ಕಿಹಿಟ್ಟು ಉದುರಿಸಿದಂಗೆ ಬೆಳ್ಳಗೆ ಕಾಣುತ್ತೆ, ಸುತ್ತ ಎಲ್ಲಾ ಕಡು ಹಸಿರು ಇದೊಂದು ಮಾತ್ರ ಹಂಗೆ. ಕೆಳಗಡೆ ನೆಲದ ತುಂಬಾ ಕಾಯಿ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಮೇಲಿನ ಸಿಪ್ಪೆ ಕೊಳೆತು ಹೋದ್ರೆ ಒಳಗೆ ಒಂದೋ ಎರಡೋ ಗಟ್ಟಿ ಬೀಜ, ಮೈಯೆಲ್ಲ ಸುಕ್ಕು ಸುಕ್ಕು.

ಸುಕ್ಕು ನೋಡಿದ ತಕ್ಷಣ ಎಲ್ರೂ ಹೇಳಿದ್ದು ಒಂದೇ, ಅಕ್ರೋಟ್. ನಾನೂ ನಂಬಿದೆ. ಮರಗಸಿಗೆ, ಅಂದ್ರೆ ನೆರಳು ಮರದ ಕೊಂಬೆ ಸವರೋಕೆ ಬರೋ ಅಣ್ಣ ಒಬ್ರು ಮಾತ್ರ "ತಿನ್ಬೇಡಿ ಅಣ್ಣ, ನಮ್ ಕಡೆ ಇದನ್ನ ಯಾರೂ ತಿನ್ನಲ್ಲ" ಅಂದಿದ್ರು. ಹೆಸರು ಕೇಳಿದ್ರೆ ಅವ್ರಿಗೂ ಗೊತ್ತಿರ್ಲಿಲ್ಲ. ಆ ಮಾತನ್ನ ನಾನು ಅವತ್ತೇ ಕಿವಿಗೆ ಹಾಕ್ಕೋಬೇಕಿತ್ತು.

ದಸರಾ ರಜೆಗೆ ತಮ್ಮನ ಮಗ ಬಂದಿದ್ದ, ಒಂಬತ್ತು ವರ್ಷದವ್ನು. ಕಲ್ಲಲ್ಲಿ ಜಜ್ಜಿ ಜಜ್ಜಿ ಮೂರು ಬೀಜ ಒಡೆದು ಹಸಿಯಾಗೇ ತಿಂದಿದ್ದಾನೆ. ಸಂಜೆ ಹೊತ್ತಿಗೆ ಹೊಟ್ಟೆನೋವು, ಆಮೇಲೆ ವಾಂತಿ, ಭೇದಿ, ರಾತ್ರಿ ಪೂರ್ತಿ ಡ್ರಿಪ್ ಹಾಕಿಸ್ಕೊಂಡು ಆಸ್ಪತ್ರೇಲಿ ಕೂತಿದ್ವಿ. ಡಾಕ್ಟರ್ ಮೊದ್ಲು ಕೇಳಿದ್ದೇ "ಏನು ತಿಂದ?" ಅಂತ. ಅಕ್ರೋಟ್ ಅಂದೆ. "ಯಾವ ಅಕ್ರೋಟ್?" ಅಂದ್ರು. ನನ್ ಹತ್ರ ಉತ್ತರ ಇರ್ಲಿಲ್ಲ. ಬೆಳಗ್ಗೆ ಹೊತ್ತಿಗೆ ಹುಡುಗ ಇಡ್ಲಿ ಕೇಳಿದ, ಜೀವ ಬಂತು. ಆ ಪ್ರಶ್ನೆ ಮಾತ್ರ ತಲೇಲಿ ಹಂಗೇ ಕೂತ್ಬಿಡ್ತು. ನಮ್ಮದೇ ತೋಟದ ಮರ, ಹೆಸರು ಗೊತ್ತಿಲ್ದೆ ಮಕ್ಕಳನ್ನ ಅದರ ಕೆಳಗೆ ಆಡೋಕೆ ಬಿಟ್ಟಿದ್ದೆ.

ಅವತ್ತಿಂದ ಸರಿಯಾಗಿ ನೋಡೋಕೆ ಶುರು ಮಾಡ್ದೆ. ಫೋನಲ್ಲಿ ಆ್ಯಪ್ ಹಾಕಿ ಎಲೆ ಫೋಟೋ ತೆಗೆದ್ರೆ ಒಂದ್ಸಲ ಮೇಪಲ್ ಅನ್ನುತ್ತೆ, ಇನ್ನೊಂದ್ಸಲ ಹತ್ತಿ ಅನ್ನುತ್ತೆ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಈ ಮರದಲ್ಲಿ ಎಳೇ ಗಿಡದ ಎಲೆ, ಬುಡದ ಚಿಗುರಿನ ಎಲೆ ಎಲ್ಲಾ ಮೂರು ಕವಲು ಐದು ಕವಲು ಇರುತ್ತೆ, ಮೇಲೆ ಬಲಿತ ಕೊಂಬೇಲಿ ಹೂ ಬಿಡೋ ಕಡೆ ಎಲೆ ಸಾದಾ, ಅರಳಿ ಎಲೆ ಥರ ತುದಿ ಚೂಪು. ಒಂದೇ ಮರದಲ್ಲಿ ಎರಡು ಥರ ಎಲೆ ಇದ್ರೆ ಒಂದು ಫೋಟೋ ಯಾವ ಮೂಲೆಗೆ ಸಾಲುತ್ತೆ ಹೇಳಿ.

ಗೆಳೆಯನ ಪರಿಚಯದ ಬಾಟನಿ ಮೇಷ್ಟ್ರು ಒಬ್ರು ಹಾಸನದಲ್ಲಿ ಇದಾರೆ, ಅವ್ರಿಗೆ ಫೋನ್ ಮಾಡಿದ್ರೆ ಕಾಯಿ ವಿಷ್ಯ ಕೇಳ್ಲೇ ಇಲ್ಲ. "ಎಲೆ ತೊಟ್ಟು ಎಲೆಗೆ ಸೇರೋ ಜಾಗ ನೋಡಿ, ಅಲ್ಲಿ ಎರಡು ಸಣ್ಣ ಗಂಟು ಇದ್ಯಾ?" ಅಂದ್ರು. ಇತ್ತು! ಸಾಸಿವೆ ಕಾಳಿನಷ್ಟು ಎರಡು ಉಬ್ಬು, ಪಕ್ಕಪಕ್ಕ, ಎರಡು ಕಣ್ಣಿನ ಥರ. ಎಳೇ ಎಲೆ ಮೇಲೆ ಬೆರಳು ಎಳೆದ್ರೆ ಬೆಳ್ಳನೆ ಪುಡಿ ಅಂಟುತ್ತೆ, ಅದು ಪುಡಿ ಅಲ್ಲ ಸಣ್ಣ ಸಣ್ಣ ರೋಮ. ದೂರದಿಂದ ಮರ ಬೆಳ್ಳಗೆ ಕಾಣೋದು ಅದಕ್ಕೇ. ಸೈನ್ಸ್ ಹೆಸರು ಅಲ್ಯೂರೈಟಿಸ್ ಮೊಲುಕ್ಕಾನಸ್, ಮೊದಲನೇ ಪದ ಗ್ರೀಕಿನಲ್ಲಿ ಹಿಟ್ಟು ಅನ್ನೋದ್ರಿಂದ ಬಂದಿದ್ದಂತೆ, ನಂಗೆ ಮೊದಲ ದಿನ ಕಂಡಿದ್ದೂ ಅಕ್ಕಿಹಿಟ್ಟೇ! ಇಂಗ್ಲಿಷಲ್ಲಿ ಕ್ಯಾಂಡಲ್‌ನಟ್. ಕನ್ನಡದಲ್ಲಿ ನಾಡು ಅಕ್ರೋಡು ಅಂತಾರೆ, ನಾವೆಲ್ಲ ಮೋಸ ಹೋಗಿದ್ದು ಆ ಸುಕ್ಕಿಗೆ, ಹೆಸರಲ್ಲೂ ಅದೇ ಮೋಸ ಕೂತಿದೆ.

ಅಸಲಿ ಅಕ್ರೋಟ್ ಮರಕ್ಕೆ ಚಳಿ ಬೇಕು, ನಮ್ ದೇಶದಲ್ಲಿ ಕಾಶ್ಮೀರ, ಹಿಮಾಚಲದ ಕಡೆ ಬೆಳೆಯೋದು. ಅದರ ಎಲೆ ಬೇವಿನ ಥರ ಒಂದೇ ಕಡ್ಡಿಲಿ ಹಲವು ಎಲೆ ಸೇರಿದ್ದು. ಅದರ ಚಿಪ್ಪಿಗೆ ನಡುವೆ ಒಂದು ಹೊಲಿಗೆ ಇರುತ್ತೆ, ಚಾಕು ತುದಿ ತೂರಿಸಿದ್ರೆ ಎರಡು ಹೋಳಾಗುತ್ತೆ, ಒಳಗಿನ ತಿರುಳು ಮಿದುಳಿನ ಥರ. ನಮ್ ಕಾಯಿಗೆ ಹೊಲಿಗೆನೇ ಇಲ್ಲ, ಸುತ್ತಿಗೆಲಿ ಹೊಡೀಬೇಕು, ಒಳಗಿನ ತಿರುಳು ಬೆಳ್ಳಗೆ ನುಣ್ಣಗೆ. ಇದು ಸೇರಿರೋದು ಹರಳು, ರಬ್ಬರ್, ಮರಗೆಣಸಿನ ಕುಟುಂಬಕ್ಕೆ. ಬೇಲಿಗೆ ಹಾಕ್ತಾರಲ್ಲ ಕಾಡುಹರಳು, ಜಟ್ರೋಫಾ, ಅದರ ಬೀಜ ತಿಂದು ಮಕ್ಕಳು ಆಸ್ಪತ್ರೆ ಸೇರಿದ ಸುದ್ದಿ ಪೇಪರ್‌ನಲ್ಲಿ ಆಗಾಗ ಬರುತ್ತೆ, ಅದೂ ಇದೇ ಕುಟುಂಬ. ಈ ಕುಟುಂಬದ ಬೀಜ ಅಂದ್ರೆ ಹಸಿಯಾಗಿ ಬಾಯಿಗೆ ಹಾಕ್ಬಾರ್ದು ಅಂತ ಈಗ ನಮ್ ಮನೇಲಿ ಎಲ್ರಿಗೂ ಹೇಳಿಟ್ಟಿದ್ದೀನಿ.

ಹಂಗಂತ ಕೆಟ್ಟ ಮರ ಅಲ್ಲ. ಇಂಡೋನೇಷ್ಯಾದಲ್ಲಿ ಇದಕ್ಕೆ ಕೆಮಿರಿ ಅಂತಾರೆ, ಹುರಿದು ಅರೆದು ಸಾರಿಗೆ ಹಾಕ್ತಾರೆ, ನಾವು ಗಸಗಸೆ ಅರೆದು ಹಾಕಲ್ವಾ ಹಂಗೆ ಗಟ್ಟಿ ಬರೋಕೆ. ಅವ್ರು ಹಸಿ ತಿನ್ನಲ್ಲ. ಹವಾಯಿಯಲ್ಲಿ ಕುಕುಯಿ ಅಂತ ಹೆಸರು, 1959ರಿಂದ ಅಲ್ಲಿನ ರಾಜ್ಯ ವೃಕ್ಷ. ನಾನು ಅಡುಗೆಗೆ ಹಾಕೋ ಧೈರ್ಯ ಮಾಡಿಲ್ಲ, ಮಾಡೋದೂ ಇಲ್ಲ, ಎಷ್ಟು ಹುರಿಯಬೇಕು ಅಂತ ತಲೆತಲಾಂತರದಿಂದ ಕೈಯಲ್ಲೇ ಗೊತ್ತಿರೋರ ಕೆಲಸ ಅದು.

ಹೆಸರಿನ ವಿಷ್ಯ ಹುಡುಕ್ತಾ ಇನ್ನೊಂದು ಓದಿ ಮೈ ಜುಮ್ ಅಂತು. ಅಮೆರಿಕದಲ್ಲಿ 'ನುಯೆಸ್ ದೆ ಲಾ ಇಂಡಿಯಾ' ಅಂತ, ಅಂದ್ರೆ ಇದೇ ಕಾಯಿ ಹೆಸರಲ್ಲಿ, ತೂಕ ಇಳಿಸೋ ಬೀಜ ಆನ್‌ಲೈನಲ್ಲಿ ಮಾರ್ತಿದ್ರು. ಅಲ್ಲಿನ ಆಹಾರ, ಔಷಧ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಟೆಸ್ಟ್ ಮಾಡಿದ್ರೆ ಒಳಗಿದ್ದಿದ್ದು ಹಳದಿ ಕಣಗಿಲೆ ಬೀಜ! ನಮ್ ಊರಲ್ಲಿ ದೇವಸ್ಥಾನದ ಪಕ್ಕ, ಬೇಲಿ ಸಾಲಲ್ಲಿ ಹಳದಿ ಹೂ ಬಿಡೋದು, ನೇರ ಹೃದಯಕ್ಕೆ ಹೊಡೆಯೋ ವಿಷ. ದಯವಿಟ್ಟು ಹೆಸರು ನೋಡಿ ಬೀಜ ತರಿಸ್ಕೊಂಡು ತಿನ್ಬೇಡಿ.

ನಿಮ್ ತೋಟದಲ್ಲೂ ಇಂಥ ಗೊತ್ತಿಲ್ಲದ ಮರ ಇದ್ರೆ ಮೊದ್ಲು ಅಲ್ಲೇ ಕೆಲಸ ಮಾಡೋ ಹಳಬರನ್ನ ಕೇಳಿ. ಕೈ ಹಾಕೋಕೆ ಮುಂಚೆನೇ ಕೇಳಿ, ಯಾಕಂದ್ರೆ ಹೊಳಗೇರು ಥರದ್ದಾದ್ರೆ ಅದರ ಸೊನೆ ತಾಗಿದ್ರೇ ಸಾಕು ಮೈಯೆಲ್ಲ ಬೊಬ್ಬೆ ಬರುತ್ತೆ, ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದ ಗೇರುಕಾಯಿನೂ ಅಷ್ಟೇ. ಫೋಟೋ ಕಳಿಸೋದಾದ್ರೆ ಬರೀ ಕಾಯಿದು ಬೇಡ, ಎಳೇ ಎಲೆ, ಬಲಿತ ಎಲೆ, ತೊಟ್ಟು, ತೊಗಟೆ, ಹೂ ಇದ್ರೆ ಹೂ, ಕಾಯಿ ಅಡ್ಡ ಕೊಯ್ದಿದ್ದು, ಎಲ್ಲಾ ಕಳಿಸಿ. ಪಕ್ಕದ ತೋಟದವ್ರು ಕಾಡುಬಾದಾಮಿ ಇರ್ಬೋದು ಅಂದಿದ್ರು, ಆದ್ರೆ ಕಾಡುಬಾದಾಮಿ ಕಾಯಿ ಬಾದಾಮಿ ಆಕಾರದಲ್ಲಿ ಚಪ್ಪಟೆ, ಎಲೆ ಉದುರೋ ಮುಂಚೆ ಕೆಂಪಾಗುತ್ತೆ. ಇಷ್ಟು ನೋಡಿದ್ರೂ ಸಾಕಿತ್ತು.

ಮರ ಕಡಿಸಿ ಅಂತ ತಮ್ಮ ಹೇಳ್ದ, ನಾನು ಕಡಿಸಿಲ್ಲ. ವಾರಕ್ಕೊಂದ್ಸಲ ಕಾಯಿ ಗುಡಿಸಿ ಚೀಲಕ್ಕೆ ತುಂಬಿಸ್ತೀನಿ. ಹೋದ ಮಳೆಗಾಲ ಎರಡು ದಿನ ಕರೆಂಟ್ ಇರ್ಲಿಲ್ಲ, ಆಗ ನಾಲ್ಕು ತಿರುಳು ತೆಗೆದು ತೆಂಗಿನ ಪೊರಕೆ ಕಡ್ಡಿಗೆ ಪೋಣಿಸಿ ಮೇಲಿನದಕ್ಕೆ ಕಡ್ಡಿ ಗೀರಿದೆ, ಹವಾಯಿ ಕಡೆ ಜನ ಹಿಂದೆ ಹಿಂಗೇ ದೀಪ ಮಾಡ್ಕೋತಿದ್ರು. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆನೇ ಅದರಲ್ಲಿ. ಮೊದ್ಲು ಚಟಚಟ ಅಂತು, ಆಮೇಲೆ ಹಳದಿ ಜ್ವಾಲೆ ನಿಂತ್ಕೊಂಡು ಉರೀತು, ಮಸಿ ಜಾಸ್ತಿ, ಎಣ್ಣೆ ಹನಿ ತೊಟ್ಟಿಕ್ಕುತ್ತೆ, ಅದಕ್ಕೆ ಕೆಳಗೆ ತಟ್ಟೆ ಇಟ್ಟಿದ್ದೆ. ಒಂದು ಮುಗಿಯೋಕೆ ಹತ್ತು ನಿಮಿಷದ ಮೇಲೇ ಆಯ್ತು, ತಾನೇ ಕೆಳಗಿನದಕ್ಕೆ ಹತ್ಕೊಳ್ತು. ಅಮ್ಮ ಆ ಬೆಳಕಲ್ಲೇ ಕೂತು ಅವರೆಕಾಳು ಬಿಡಿಸಿ ಮುಗಿಸಿದ್ರು.